ಕ್ಲಚ್ ಹೋದರೆ ತಳ್ಳಬಹುದು... ತಳವೇ ಹೋದರೆ?

2006ರ ಇಂಗ್ಲಿಷ್ ಚಿತ್ರ ‘ಲಿಟಲ್ ಮಿಸ್ ಸನ್‌ಶೈನ್’ ನೋಡಿದವರಿಗೆ ಆ ಹಳದಿ ವ್ಯಾನು ನೆನಪಿರಲೇಬೇಕು! ಜರ್ಮನಿಯ ಫೋಕ್ಸ್‌ವ್ಯಾಗನ್, ಓಡಾಡೋದು ಅಮೆರಿಕದಲ್ಲಿ. ಮಗಳ ಸೌಂದರ್ಯ ಸ್ಪರ್ಧೆಗೆ ಹೊರಟ ಸಂಸಾರಕ್ಕೆ ದಾರೀಲೇ ಕ್ಲಚ್ ಕೈಕೊಡುತ್ತೆ. ಹೊಸ ಪಾರ್ಟು ಬರೋತನಕ ಕಾದರೆ ಸ್ಪರ್ಧೆಯೇ ಮುಗಿದಿರುತ್ತೆ. ಸರಿ, ಎಲ್ಲರೂ ಇಳಿದು ತಳ್ಳೋದು, ಓಡ್ತಾ ಹತ್ತೋದು! ಬಸ್ಸು ತಳ್ಳಿ ರೂಢಿಯಿರುವ ನಮಗೆ ಇದೇನು ಹೊಸದಲ್ಲ ಬಿಡಿ.

ಅಂಥದೇ ಹಳೇ ಕ್ಯಾಂಪರ್ ವ್ಯಾನು, ಅಂದ್ರೆ ಒಳಗೇ ಹಾಸಿಗೆ, ಒಲೆ ಇರೋ ಗಾಡಿ, ಕೂಡಿಟ್ಟ ಕಾಸೆಲ್ಲ ಸುರಿದು ಕೊಂಡ ಅಮೆರಿಕದ ಹುಡುಗನ ಪಾಡು ಕೇಳಿ. ಎಂಜಿನ್ ಸತ್ತಿದೆ, ಕೆಳಗೆಲ್ಲ ತುಕ್ಕು. ರಿಪೇರಿಯೋ, ಗುಜರಿಯೋ?

ಎಂಜಿನ್‌ಗೆ ಹೆದರಬೇಕಿಲ್ಲ. ಹಿಂದೆ ಕೂತು ಗಾಳಿಯಿಂದಲೇ ತಣಿಯುವ ಸರಳ ಯಂತ್ರ. ರೇಡಿಯೇಟರ್ ರಗಳೆಯೇ ಇಲ್ಲ. ಕೆಟ್ಟರೆ ಇಳಿಸಿ ಬೇರೆ ಕೂರಿಸಬಹುದು. ಪೆಟ್ರೋಲ್ ಹರಿಯುವ ರಬ್ಬರ್ ಪೈಪು ಮಾತ್ರ ಬಿರುಕುಬಿಟ್ಟಿದ್ದರೆ ಕೂಡಲೇ ಬದಲಿಸಬೇಕು. ಬಿಸಿ ಎಂಜಿನ್ ಮೇಲೆ ಹನಿ ಬಿತ್ತೋ, ಇಡೀ ವ್ಯಾನು ಭಸ್ಮ!

ನಿಜವಾದ ವಿಲನ್ ತುಕ್ಕು. ಈ ಗಾಡಿಗೆ ಬೇರೆ ಛಾಸಿ ಇಲ್ಲ, ಮೈಯೇ ಭಾರ ಹೊರಬೇಕು. ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುವ ಊರಿನ ಗಾಡಿಯಾದರಂತೂ ಕೇಳಲೇಬೇಡಿ. ನಾನಾದರೆ ಎಂಜಿನ್‌ಗೆ ಒಂದು ಪೈಸೆ ಬಿಚ್ಚೋ ಮೊದಲು ಒಳ್ಳೇ ವೆಲ್ಡಿಂಗ್‌ನವನನ್ನು ಕೆಳಗೆ ಮಲಗಿಸಿ ನೋಡಿಸ್ತೀನಿ. ಬಾಗಿಲ ಕೆಳಗೆ, ಚಕ್ರದ ಸಸ್ಪೆನ್ಷನ್ ಸೇರುವ ಕಡೆ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಕ್ಕೇ ಹೋಯಿತಾ? ಬಿಡಿಭಾಗ ಮಾರಿ ಬಂದಷ್ಟು ಕಾಸು ಎಣಿಸ್ಕೊಳ್ಳೋದೇ ಸರಿ.

ಪಾಪ, ಹಳದಿ ವ್ಯಾನಿನ ಆ ಅಪ್ಪನಿಗೆ ಬಗ್ಗಿ ನೋಡೋಕೆ ಪುರುಸೊತ್ತೆಲ್ಲಿತ್ತು? ಹಾರನ್ ಬೇರೆ ತಂತಾನೇ ಅರಚ್ತಾ ಇತ್ತಲ್ಲ!