ಖಾರ ಕಣ್ಣಿಗೋ, ನಾಲಿಗೆಗೋ?

ಪ್ರಶ್ನೆ: ಮನೋವಿಜ್ಞಾನದ ಪ್ರಯೋಗಕ್ಕೆ ತಕ್ಕ ಸಂಖ್ಯಾಶಾಸ್ತ್ರೀಯ ಪರೀಕ್ಷೆಯನ್ನು ಆರಿಸುವುದು ಹೇಗೆ?
– ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ಒಂದು ಉದಾಹರಣೆಯಿಂದ ನೋಡೋಣ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಗಾಢ, ಖಾರ ಕಡಿಮೆ. ಖಾರ ಒಂದೇ ಇದ್ದರೂ ಕಡುಗೆಂಪು ಸಾರೇ ಹೆಚ್ಚು ಖಾರ ಅನ್ನಿಸುತ್ತದೆಯೇ? ಹಾವೇರಿಯ ಯಾವ ಕಾಲೇಜಿನಲ್ಲೂ ಮಾಡಬಹುದಾದ ಸೊಗಸಾದ ಪ್ರಯೋಗವಿದು.

ಪರೀಕ್ಷೆಯ ಆಯ್ಕೆ ಪ್ರಯೋಗದ ರೀತಿಯನ್ನು ಅವಲಂಬಿಸುತ್ತದೆ. ಒಬ್ಬೊಬ್ಬರೂ ಕೆಂಪು, ಪೇಲವ ಸಾರು ಎರಡನ್ನೂ ಸವಿದು ಅಂಕ ಕೊಟ್ಟರೆ ಜೋಡಿ ಟಿ-ಪರೀಕ್ಷೆ. ಬೇರೆ ಬೇರೆ ಗುಂಪುಗಳಾದರೆ ಸ್ವತಂತ್ರ ಟಿ-ಪರೀಕ್ಷೆ. ಮಂದಿ ಕಡಿಮೆಯಿದ್ದು ಅಂಕಗಳು ಒಂದೇ ಬದಿಗೆ ವಾಲಿದ್ದರೆ ಕ್ರಮವಾಗಿ ವಿಲ್ಕಾಕ್ಸನ್, ಮನ್-ವಿಟ್ನಿ ಪರೀಕ್ಷೆಗಳು ವಾಸಿ. ಎರಡು ಗುಂಪುಗಳಲ್ಲಿ ‘ಖಾರ’, ‘ಸಪ್ಪೆ’ ಎಂದವರ ಎಣಿಕೆ ಮಾತ್ರ ಇದ್ದರೆ ಕೈ-ಸ್ಕ್ವೇರ್.

ಚಿಕ್ಕ ಮಾದರಿಗೆ ಅಂಜಬೇಕಿಲ್ಲ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಿಂದ ಟಿ-ಪರೀಕ್ಷೆಗೆ ತಳಹದಿ ಹಾಕಿದ್ದೇ ಅಂಥವಕ್ಕಾಗಿ. ಆದರೆ ಜೋಡಿ ಪ್ರಯೋಗದಲ್ಲಿ, ಸವಿಯುವ ಕ್ರಮವೇ ಅಂಕಗಳನ್ನು ಬದಲಿಸದಂತೆ, ಅರ್ಧ ಜನರಿಗೆ ಕೆಂಪು ಸಾರನ್ನು, ಉಳಿದವರಿಗೆ ಪೇಲವ ಸಾರನ್ನು ಮೊದಲು ಕೊಡಬೇಕು.