ಗರ್ಭಕೋಶ ತೆಗೆಸುವ ಮುನ್ನ

ಕ್ಯಾನ್ಸರ್ ಆದೀತೆಂಬ ಭಯಕ್ಕೆ ಸಿಲುಕಿ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಹರೆಯದ ಹೆಂಗಸರೂ ಗರ್ಭಕೋಶ ತೆಗೆಸಿಕೊಂಡ ಸಂಗತಿ 2015ರಲ್ಲಿ ನಾಡಿಗೆಲ್ಲ ತಿಳಿಯಿತು. ಅನಗತ್ಯ ಶಸ್ತ್ರಕ್ರಿಯೆಗಳನ್ನು ತಡೆಯುವ ಕೇಂದ್ರದ ನಿಯಮಾವಳಿಯನ್ನು ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿತು.

ಬಿಳಿಸೆರಗಿಗೆ ಬಹುಪಾಲು ಗುಳಿಗೆಯೇ ಸಾಕು. ಅತಿಸ್ರಾವಕ್ಕೂ ಮೊದಲು ಔಷಧೋಪಚಾರವುಂಟು. ಸಂದೇಹವಿದ್ದರೆ ಇನ್ನೊಬ್ಬ ವೈದ್ಯರನ್ನು ಕೇಳುವುದರಲ್ಲಿ ಸಂಕೋಚವೇಕೆ? ಗುಬ್ಬಿ, ಕುಣಿಗಲ್ಲುಗಳ ಗೃಹಿಣಿಗೆ ತುಮಕೂರಿನ ಜಿಲ್ಲಾ ಆಸ್ಪತ್ರೆ ಒಂದು ಬಸ್ಸಿನ ದಾರಿ. ಅಂಡಾಶಯಗಳನ್ನು ಉಳಿಸಬಹುದೇ ಎಂದೂ ವಿಚಾರಿಸಬೇಕು. ಅವೂ ಹೋದರೆ ಮೈಬಿಸಿ, ಮೂಳೆಸವೆತಗಳು ಅಕಾಲದಲ್ಲಿ ಬಂದೊದಗುತ್ತವೆ.

ಶಸ್ತ್ರಕ್ರಿಯೆ ನಿಜಕ್ಕೂ ಅವಶ್ಯವಾದಲ್ಲಿ ಅಂಜಬೇಕಾಗಿಲ್ಲ. ಗರ್ಭಕೋಶದೊಡನೆ ಹೆಣ್ತನವೇನೂ ಹೋಗುವುದಿಲ್ಲ. ಸುಮಾರು ಆರು ವಾರ ಭಾರ ಎತ್ತಬಾರದು, ಅಷ್ಟೆ. ಅಷ್ಟು ದಿನ ಕೊಡಪಾನವನ್ನು ಯಜಮಾನರೇ ಹೊತ್ತಾರು!