ಸ್ಕಾಟ್ಲೆಂಡ್‌ಗೆ ಮೊದಲ ಸಲ ಹೋಗುವವರಿಗೆ: ಮಳೆ, ಹಗಲು, ಊಟ

ಓದಲು, ಕೆಲಸ ಮಾಡಲು ಬ್ರಿಟನ್ನಿಗೆ ಹೋದ ಮಕ್ಕಳನ್ನು ನೋಡಲು ತಂದೆತಾಯಿಗಳು ಹೊರಡುವುದು ಈಗ ಸಾಮಾನ್ಯ. ಅದರ ಉತ್ತರ ಭಾಗವಾದ ಸ್ಕಾಟ್ಲೆಂಡ್ ಎಂದೊಡನೆ ಎಲ್ಲರೂ ಕೇಳುವುದು ಮಳೆಯ ಬಗ್ಗೆ. ಆದರೆ ಜೈನ ಕುಟುಂಬಗಳಿಗೆ ಅಲ್ಲಿ ಮಳೆಗಿಂತ ಹೆಚ್ಚು ತೊಡಕಾಗುವುದು ಸೂರ್ಯಾಸ್ತದ ವೇಳೆ ಮತ್ತು ಆಹಾರದ ಪೊಟ್ಟಣದ ಮೇಲಿನ ಬರಹ.

ಮಳೆ ಮತ್ತು ಬಟ್ಟೆ

ಎಡಿನ್‌ಬರೋದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿ.ಮೀ., ಅಂದರೆ ಬೆಂಗಳೂರಿಗಿಂತ ಕಡಿಮೆ. ಆದರೆ ಅದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದಿಲ್ಲ; ವರ್ಷವಿಡೀ ತುಂತುರಾಗಿ ಬಂದು ಹೋಗುತ್ತದೆ. ಪಶ್ಚಿಮದ ಗ್ಲಾಸ್ಗೋ ಕಡೆ ಇನ್ನೂ ಹೆಚ್ಚು. ಗಾಳಿಗೆ ಕೊಡೆ ನಿಲ್ಲದು. ತಲೆ ಮುಚ್ಚುವ ರೈನ್‌ಕೋಟ್ ಬೇಕು. ಜುಲೈನಲ್ಲೂ ಮಧ್ಯಾಹ್ನದ ಉಷ್ಣಾಂಶ 20 ಡಿಗ್ರಿಯ ಆಸುಪಾಸು. ಒದ್ದೆಯಾದ ಹತ್ತಿ ಬಟ್ಟೆ ಬೇಗ ಒಣಗುವುದಿಲ್ಲ. ದಪ್ಪ ಸ್ವೆಟರ್ ಒಂದರ ಬದಲು ತೆಳುವಾದ ಎರಡು ಮೂರು ಉಡುಪು ಒಂದರ ಮೇಲೊಂದು ಹಾಕುವುದು ಒಳ್ಳೆಯದು. ಚರ್ಮ ಬಳಸದವರು ನೀರು ಇಳಿಯದ ಸಿಂಥೆಟಿಕ್ ಶೂ ಇಲ್ಲಿಯೇ ಕೊಂಡು, ಒಂದು ವಾರ ನಡೆದು ರೂಢಿ ಮಾಡಿಕೊಳ್ಳಬೇಕು.

ಸೂರ್ಯಾಸ್ತ

ಎಡಿನ್‌ಬರೋದಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ 10ರ ಹೊತ್ತಿಗೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ 3.40ಕ್ಕೇ. ರಾತ್ರಿ ಊಟ ಬಿಟ್ಟವರು ಚಳಿಗಾಲದಲ್ಲಿ ಹೋದರೆ ಮಕ್ಕಳು ಕೆಲಸದಿಂದ ಬರುವವರೆಗೆ ಕಾಯುವಂತಿಲ್ಲ. ತಿರುಗಾಡಲು ಹೊರಟರೆ ಬುತ್ತಿ ಜೊತೆಗೇ ಇರಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು ಬದಲಾಗುವುದನ್ನು ವೈದ್ಯರಿಗೆ ಮೊದಲೇ ತಿಳಿಸಿ ಸಲಹೆ ಪಡೆಯಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯಾಸ್ತ ಸಂಜೆ 7ರ ಸುಮಾರಿಗೆ. ವ್ರತ ಪಾಲಿಸುವ ಹಿರಿಯರಿಗೆ ಆ ಸಮಯ ಅನುಕೂಲ.

ಆಹಾರ

ಇಲ್ಲಿನ ಹಸಿರು ಚುಕ್ಕೆಯ ಪೊಟ್ಟಣದಲ್ಲಿ ಮೊಟ್ಟೆ ಇರುವುದಿಲ್ಲ. ಅಲ್ಲಿ ‘ವೆಜಿಟೇರಿಯನ್’ ಎಂದಿದ್ದರೂ ಮೊಟ್ಟೆ ಇರಬಹುದು. ‘ವೀಗನ್’ ಎಂದಿದ್ದರೆ ಮೊಟ್ಟೆ, ಹಾಲು ಬಳಸಿರುವುದಿಲ್ಲ. ಆದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇರಬಹುದು. ಆದ್ದರಿಂದ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು. ಮೆತ್ತನೆಯ ಮಿಠಾಯಿಗಳಲ್ಲಿ ಪ್ರಾಣಿಜನ್ಯ ಜೆಲಾಟಿನ್ ಸಾಮಾನ್ಯ.

ಭಾರತದಿಂದ ತುಪ್ಪ, ಪೇಡ, ಖೋವಾದಂತಹ ಹಾಲಿನ ಪದಾರ್ಥ ಒಯ್ಯಲು ಅನುಮತಿ ಇಲ್ಲ. ಸಿಕ್ಕರೆ ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ. ಮಕ್ಕಳಿಗೆಂದು ಕಟ್ಟಿದ್ದು ಕಸದ ಬುಟ್ಟಿ ಸೇರುವುದಕ್ಕಿಂತ ಅವಲಕ್ಕಿ, ಚಟ್ನಿಪುಡಿ, ಎಣ್ಣೆಯಲ್ಲಿ ಮಾಡಿದ ಒಣ ತಿಂಡಿ ಒಯ್ಯುವುದು ಲೇಸು. ವಿಮಾನದಲ್ಲಿ ಜೈನ ಊಟ ಸಿಗುತ್ತದೆಯೇ ಎಂದು ಟಿಕೆಟ್ ಮಾಡಿಸುವಾಗಲೇ ವಿಚಾರಿಸಿ ಕಾದಿರಿಸಬೇಕು. ಅದರ ಸಂಕೇತ ‘ವಿಜೆಎಂಎಲ್’. ಅಲ್ಲಿನ ನಲ್ಲಿ ನೀರು ಕುಡಿಯಲು ಯೋಗ್ಯ. ಸೋಸಿ ಕುಡಿಯುವವರು ಶುದ್ಧ ಬಟ್ಟೆ ಜೊತೆಗಿಟ್ಟುಕೊಳ್ಳಬಹುದು.

ಇನ್ನು ಕೆಲವು

ಬ್ರಿಟನ್ನಿಗೆ ಪ್ರತ್ಯೇಕ ವೀಸಾ ಬೇಕು. ಯೂರೋಪಿನ ಷೆಂಗೆನ್ ವೀಸಾ ಅಲ್ಲಿ ನಡೆಯದು. ಸ್ಕಾಟ್ಲೆಂಡಿನ ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಹೊರಡಿಸುತ್ತವೆ. ಇಲ್ಲಿ ಅವನ್ನು ಬದಲಾಯಿಸುವುದು ಕಷ್ಟ, ಅಲ್ಲಿಯೇ ಖರ್ಚು ಮಾಡಿ ಬರಬೇಕು. ಔಷಧಿಯನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಬೇಕು. ಆಸ್ಪತ್ರೆ ಸೇರಿದರೆ ಖರ್ಚು ದೊಡ್ಡದು. ಪ್ರವಾಸ ವಿಮೆ ಇಲ್ಲದೆ ಹೊರಡಬಾರದು. ತುರ್ತು ಕರೆಗೆ ಸಂಖ್ಯೆ 999.